ಗೊರಿಲ್ಲಾ ನೋಡದೆ ಬಂದ ಅಕ್ಕ

ಮೆಂತ್ಯೆ ಸೊಪ್ಪು ಸೋಸುತ್ತಾ ಕೂತಿದ್ದೆ. ಯಜಮಾನರು ಹಿಂದಿನ ದಿನ ಆಫೀಸು ಮುಗಿಸಿ ಬರುವಾಗ ಇಲ್ಲಿ ಸಿಡ್ನಿಯ ಪ್ಯಾರಮಟ್ಟಾದಿಂದ ತಂದ ಕಟ್ಟುಗಳು, ಬೇರಿಗೆ ಮಣ್ಣು ಹಾಗೇ ಅಂಟಿಕೊಂಡಿತ್ತು. ನೆಲದ ಮೇಲೆ ಹಳೆಯ ಬೆಡ್‌ಶೀಟು ಹಾಸಿ ಅತ್ತೆಯವರು ಒಂದು ಕಡೆ, ನಾನೊಂದು ಕಡೆ. ಅಷ್ಟರಲ್ಲಿ ಮಗಳ ಫೋನು ಬಂತು. ಅವಳು ಮೆಲ್ಬರ್ನಿನ ಕ್ಲೇಟನ್‌ನಲ್ಲಿ ಓದುತ್ತಾಳೆ. ಬೆಳಗಿನ ಹೊತ್ತು ತಾನಾಗಿ ಫೋನು ಮಾಡುವ ಮಗಳಲ್ಲ. ಆ ಹೊತ್ತಿಗೆ ಅವಳಿಗೆ ಬೆಳಗಾಗಿಯೇ ಇರುವುದಿಲ್ಲ.

“ಅಮ್ಮಾ, ಆರ್ ಯು ಸಿಟಿಂಗ್ ಡೌನ್?”

“ನೆಲದ ಮ್ಯಾಲೇ ಕೂತೇನಿ. ಏನಾತು ಹೇಳು.”

“ಆಂಟಿ ಹೋಗ್ಬಿಟ್ರು ಅಮ್ಮಾ. ಇವತ್ತು ಬೆಳಿಗ್ಗೆ. ಇನ್ ಹರ್ ಸ್ಲೀಪ್.”

ಯಾವ ಆಂಟಿ ಎಂದು ಕೇಳಬೇಕಾಗಿರಲಿಲ್ಲ. ನಮ್ಮ ಮನೆಯಲ್ಲಿ ಹೆಸರು ಹಿಡಿಯದೆ ಬರೀ ಆಂಟಿ ಎಂದರೆ ಅವರೊಬ್ಬರೇ. ನನಗೆ ಮಾತ್ರ ಅವರು ಅಕ್ಕ. ನಿದ್ದೆಯಲ್ಲೇ ಹೋದರು ಎಂದು ಕೇಳಿ ಮೊದಲು ರಾಯರಿಗೆ ಕೈ ಮುಗಿದೆ. ಕೊನೆಯ ತಿಂಗಳುಗಳಲ್ಲಿ ಅವರು ಪಟ್ಟ ನೋವು ನನಗೆ ಗೊತ್ತಿತ್ತು. ಕಡೆಗಾದರೂ ನೋವಿಲ್ಲದೆ ಹೊರಡಿಸಿದರಲ್ಲ, ಅಷ್ಟು ಸಾಕು ಎನ್ನಿಸಿತು. ಅಳು ಆಮೇಲೆ ಬಂತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರೇ ತೆಗೆದ ಕಾಡುಪ್ರಾಣಿಗಳ ಫೋಟೋಗಳ ಕೆಳಗೂ ಅವರು ಹೆಸರು ಹಾಕುತ್ತಿರಲಿಲ್ಲ. ಒಮ್ಮೆ ನಮ್ಮ ಯಜಮಾನರು, “ಇಂಥಾ ಛಲೋ ಫೋಟೋಕ್ಕ ಮೂಲ್ಯಾಗಾದ್ರೂ ಒಂದು ಸಹಿ ಹಾಕ್ರಲ್ಲ” ಎಂದಿದ್ದಕ್ಕೆ, “ಸಿಂಹದ ಕಾಲಾಗ ನನ್ನ ಹೆಸರ ಯಾಕ? ಅದೇನು ನಾ ಸಾಕಿದ್ದಲ್ಲ” ಎಂದಿದ್ದರು.

ಸಿಡ್ನಿಯ ಸ್ಕೋಫೀಲ್ಡ್ಸ್‌ಗೆ ಬರುವ ಮೊದಲು ನಾವು ಕ್ಲೇಟನ್‌ನಲ್ಲೇ ಇದ್ದೆವು, ಒಂದೇ ಡ್ರೈವ್‌ವೇಗೆ ಸಾಲಾಗಿ ನಿಂತ ರೆಂಟಿನ ಯೂನಿಟ್ಟುಗಳಲ್ಲಿ ಒಂದು. ಕೊನೆಯ ಯೂನಿಟ್ಟು ಅಕ್ಕನದು. ಆ ಡ್ರೈವ್‌ವೇಯಲ್ಲೇ ಒಂದು ಸಂಜೆ ಮಗಳು ಆಟದ ಸ್ಕೂಟರಿನಿಂದ ಬಿದ್ದು ಮಣಿಕಟ್ಟು ಊದಿಸಿಕೊಂಡಳು. ಊರಿಗೆ ಹೊಸಬರು, ಯಜಮಾನರು ಕೆಲಸದಲ್ಲಿ, ನಾನು ಮಗುವಿಗಿಂತ ಜೋರಾಗಿ ಅಳುತ್ತಾ ನಿಂತಿದ್ದೆ. ಆಸ್ಪತ್ರೆಯ ನೀಲಿ ಬಟ್ಟೆ ತೊಟ್ಟ, ಬಿಳಿಗೂದಲನ್ನು ಗಂಡುಮಕ್ಕಳಂತೆ ಕತ್ತರಿಸಿಕೊಂಡ ಹೆಂಗಸೊಬ್ಬರು ಬಂದು ಮಗಳ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ತಿರುಗಿಸಿ ನೋಡಿದರು. ನಾನು ರಾಯರನ್ನು ಕರೆಯುತ್ತಿದ್ದುದು ಕೇಳಿಸಿರಬೇಕು.

“ಮುರದಂಗ ಕಾಣೂದಿಲ್ಲ ತಂಗಿ, ಉಳುಕೇದ. ಆದ್ರೂ ಕರಕೊಂಡು ಬಾ, ಒಂದು ಫೋಟೋ ತಗದು ನೋಡೋಣಂತ.”

ಎಕ್ಸ್‌ರೇಗೆ ಫೋಟೋ ಎಂದಿದ್ದು ಆಗ ನನಗೆ ತಿಳಿಯಲಿಲ್ಲ. ಆ ಊರಿನಲ್ಲಿ, ಆ ಹೊತ್ತಿನಲ್ಲಿ, ಬೆಳಗಾವಿಯ ಕನ್ನಡ ಕಿವಿಗೆ ಬಿತ್ತು. ಅಷ್ಟೇ ನನಗೆ ತಿಳಿದದ್ದು. ಇಂಥವನ್ನೆಲ್ಲ ನಾನು ದೇವರ ಕೃಪೆಯ ಲೆಕ್ಕಕ್ಕೆ ಹಾಕುತ್ತೇನೆ. ಅಕ್ಕ ಹಾಕುತ್ತಿರಲಿಲ್ಲ. “ನನ್ನ ಶಿಫ್ಟ್ ಮುಗಿದಿತ್ತು, ಅದಕ್ಕ ಬಂದೆ” ಎನ್ನುತ್ತಿದ್ದರು.

ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ಅವರಿಗೆ ಕೆಲಸ. ವರ್ಷವಿಡೀ ಮಂದಿಯ ಎಲುಬಿನ ಫೋಟೋ ತೆಗೆಯುವುದು, ರಜೆ ಕೂಡಿಸಿಕೊಂಡು ಆಫ್ರಿಕಾಕ್ಕೆ ಹೋಗಿ ಪ್ರಾಣಿಗಳ ಫೋಟೋ ತೆಗೆಯುವುದು. ಕೀನ್ಯಾ, ತಾಂಜಾನಿಯಾ, ಅಲ್ಲಿನ ಬಯಲು, ಸರೋವರಗಳು. ಮದುವೆ ಮಾಡಿಕೊಂಡಿರಲಿಲ್ಲ. ಯಾಕೆಂದು ಉಳಿದವರೆಲ್ಲ ಕೇಳಿದ್ದರು, ಹಾಗಾಗಿ ನಾನು ಕೇಳಲಿಲ್ಲ. ನಮ್ಮಿಬ್ಬರ ಸ್ನೇಹ ಗಟ್ಟಿಯಾದದ್ದು ಅದರಿಂದಲೇ ಇರಬಹುದು.

ಎಕ್ಸ್‌ರೇ ಕೋಣೆಯ ಅಭ್ಯಾಸ ಅವರನ್ನು ಎಲ್ಲಿಯೂ ಬಿಡುತ್ತಿರಲಿಲ್ಲ. ಹುಟ್ಟುಹಬ್ಬಕ್ಕೋ ಸತ್ಯನಾರಾಯಣ ಪೂಜೆಗೋ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಕ್ಯಾಮೆರಾ ಎತ್ತಿದ ಕೂಡಲೇ, “ಉಸಿರು ಹಿಡೀರಿ” ಎನ್ನುವರು. ಆಮೇಲೆ ಏನಾದರೂ ಸರಿಯಿಲ್ಲವೆಂದು ಲೆನ್ಸು ತಿರುಗಿಸುತ್ತಾ “ಬಿಡ್ರಿ” ಎನ್ನುವುದನ್ನು ಮರೆಯುವರು. ಆ ಕಾಲದ ನಮ್ಮ ಫೋಟೋಗಳಲ್ಲೆಲ್ಲ ಯಜಮಾನರ ಕೆನ್ನೆ ಉಬ್ಬಿದೆ. ಹೊಸಬರು ನೋಡಿದರೆ ಮನೆಯವರಿಗೆಲ್ಲ ಬೇನೆ ಬಂದಿತ್ತೇನೋ ಅಂದುಕೊಳ್ಳಬೇಕು. ಸಿಂಹ, ಜಿರಾಫೆಗಳ ಚಿತ್ರಗಳು ಮಾತ್ರ ಸಹಜವಾಗಿ ಬರುತ್ತಿದ್ದವು. ಅವಕ್ಕೆ ಉಸಿರು ಹಿಡಿ ಎಂದು ಹೇಳಿದರೂ ಅವು ಕೇಳುತ್ತಿರಲಿಲ್ಲವಲ್ಲ.

ಆಫ್ರಿಕಾಕ್ಕೆ ನಾನು ಹೋಗಿಲ್ಲ. ಆದರೆ ನಾನು ಹೊಲಿದ ಚೀಲ ಹೋಗಿ ಬಂದಿದೆ. ಅಲ್ಲಿ ಜೀಪಿನಿಂದ ಇಳಿಯುವ ಹಾಗಿಲ್ಲ. ಕಿಟಕಿಯ ಮೇಲೆ ಕಾಳು ತುಂಬಿದ ಚೀಲವಿಟ್ಟು, ಅದರ ಮೇಲೆ ಭಾರದ ಲೆನ್ಸನ್ನು ಮಲಗಿಸಿ ಫೋಟೋ ತೆಗೆಯುತ್ತಾರಂತೆ. ಅಂಗಡಿಯಲ್ಲಿ ಸಿಗುವ ಚೀಲ ಜಾರುತ್ತದೆ ಎಂದು ಅಕ್ಕ ಗೊಣಗಿದಾಗ, ನನ್ನ ಹತ್ತಿರ ಉಳಿದಿದ್ದ ಖಣದ ಬಟ್ಟೆಗೆ ಒಳಗೆ ಜೀನ್ಸಿನ ಬಟ್ಟೆ ಕೊಟ್ಟು ದಪ್ಪಗೆ ಹೊಲಿದುಕೊಟ್ಟೆ. ಖಾಲಿ ಚೀಲ ಒಯ್ಯುವರು. ಅಲ್ಲಿನ ಸಂತೆಯಲ್ಲಿ ಅವರೆಯಂಥ ಕಾಳು ಕೊಂಡು ತುಂಬುವರು. ಹೊರಡುವ ದಿನ ಕಾಳನ್ನು ಡ್ರೈವರನ ಮನೆಯವರಿಗೆ ಸುರಿದುಕೊಟ್ಟು ಚೀಲ ಕೊಡವಿ ಮಡಚಿಕೊಂಡು ಬರುವರು. “ನಿನ್ನ ಖಣದ ಮ್ಯಾಲೆ ಲೆನ್ಸ್ ಜಾರೂದಿಲ್ಲ ನೋಡು” ಎಂದರು ಬಂದವರೇ. “ಚಿರತಿ ಒಂದು ಭಾಳ ಹೊತ್ತು ಇದನ್ನ ನೋಡ್ಲಿಕತ್ತಿತ್ತು. ಗುಳೇದಗುಡ್ಡದ ಮಾಲು ಅದಕ್ಕೂ ತಿಳೀತೇನೋ.”

ಪ್ರತಿ ಸಲ ಹೊರಡುವಾಗ ಅವರ ಕ್ಯಾಮೆರಾ ಚೀಲದ ಪಕ್ಕದ ಜೇಬಿನಲ್ಲಿ ರಾಯರ ಮಂತ್ರಾಕ್ಷತೆಯ ಪೊಟ್ಟಣ ಇಡುತ್ತಿದ್ದೆ. ದೇವಸ್ಥಾನಕ್ಕೆ ಬಾರದವರಿಗೆ ಹೇಳಿ ಕೊಟ್ಟರೆ ಬೇಡ ಎಂದುಬಿಟ್ಟಾರೆಂದು ಹೇಳದೆ ಇಡುತ್ತಿದ್ದೆ. ಅವರಿಗೆ ಮೊದಲಿಂದ ಗೊತ್ತಿತ್ತಂತೆ. “ಇರ್ಲಿ ಬಿಡು. ಅಕ್ಕಿ ನೀರಿನ ಪಸೆ ಹೀರ್ತದ. ಎಲ್ಲಾರ ಲೆನ್ಸಿಗೂ ಬೂಷ್ಟು ಹಿಡೀತು, ನನ್ನದಕ್ಕ ಹಿಡೀಲಿಲ್ಲ.” ನಾನು ರಾಯರ ಮಹಿಮೆ ಎಂದೆ. ಅವರು ಅಕ್ಕಿಯ ಮಹಿಮೆ ಎಂದರು. ಆ ವಾದ ಮುಗಿಯಲೇ ಇಲ್ಲ.

ನಾವು ಸ್ಕೋಫೀಲ್ಡ್ಸ್‌ನಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿದಾಗ ಅಕ್ಕ ಮೆಲ್ಬರ್ನಿನಿಂದ ಕಾರಿನಲ್ಲೇ ಬಂದರು. ಹಿಂದಿನ ಸೀಟು ಮಡಚಿ, ಕಂಬಳಿ ಸುತ್ತಿ, ದೊಡ್ಡದೊಂದು ಚೌಕಟ್ಟಿನ ಫೋಟೋ ತಂದಿದ್ದರು. ಬಿಚ್ಚಿದರೆ ಆನೆ. ಆದರೆ ಹಿಂದಿನಿಂದ ತೆಗೆದದ್ದು. ಒಣ ಬಯಲು, ಎದ್ದ ಧೂಳು, ದೂರದಲ್ಲಿ ನೀಲಿ ಬೆಟ್ಟ, ಅದರ ಕಡೆಗೆ ನಡೆದುಹೋಗುತ್ತಿರುವ ಆನೆಯ ಬೆನ್ನು, ಬಾಲ, ಸುಕ್ಕು ಬಿದ್ದ ಹಿಂಗಾಲು. ಬಂದವರೆಲ್ಲ ಸುಮ್ಮನಾದರು. ಅತ್ತೆಯವರು ಸುಮ್ಮನಿರಲಿಲ್ಲ.

“ಇದೇನವಾ, ಆನಿ ಹೊರಗ ಹೊಂಟದಲ್ಲ. ಮನಿ ಹೊಕ್ಕ ದಿನಾನ ಲಕ್ಷ್ಮಿ ಬೆನ್ನು ತೋರ್ಸಿದಂಗಾತು.”

ನನಗೆ ನೆಲ ಬಿರಿದು ಒಳಗೆ ಹೋಗುವಂತಾಯಿತು. ಅಕ್ಕನ ಮುಖದಲ್ಲಿ ಏನೂ ಬದಲಾಗಲಿಲ್ಲ. ಮುಂಬಾಗಿಲಿಗೆ ಹೋಗಿ ಹೊರಗೆ ನಿಂತು ಒಳಗೆ ನೋಡಿದರು. ಒಳಗೆ ಬಂದು ಹೊರಗೆ ನೋಡಿದರು. ಆಮೇಲೆ ಹಜಾರದ ಕೊನೆಯ ಗೋಡೆ ತೋರಿಸಿ, “ಬಾಗಲಾ ತಗದ ಕೂಡ್ಲೇ ಎದುರಿಗೆ ಕಾಣೂ ಈ ಗೋಡಿಗೆ ಹಾಕ್ರಿ ಅತ್ಯಾ. ಬಂದಾವ್ರಿಗೆ ಆನಿ ತಮ್ಮ ಮುಂದ ಮುಂದ ಮನಿ ಒಳಗ ಹೊಂಟಂಗ ಕಾಣ್ತದ” ಎಂದರು. ಅತ್ತೆಯವರು ಎದ್ದು ಹೋಗಿ, ತಾವೂ ಹೊಸ್ತಿಲಾಚೆ ನಿಂತು ನೋಡಿ, “ಹೌದಲ್ಲ” ಎಂದರು. ಯಜಮಾನರು ಗೋಡೆ ಕೊರೆಯಲು ಯಂತ್ರ ಹುಡುಕಿದರು. ಈಗ ಯಾರೇ ಮನೆಗೆ ಬರಲಿ, ಅತ್ತೆಯವರು ಅವರನ್ನು ಹೊಸ್ತಿಲಲ್ಲೇ ತಡೆದು ಆನೆ ಒಳಗೆ ಬರುವುದನ್ನು ತೋರಿಸುತ್ತಾರೆ.

ಹಿಂದಿನಿಂದ ಯಾಕೆ ತೆಗೆದಿರಿ ಎಂದು ಆ ದಿನ ಅಡುಗೆಮನೆಯಲ್ಲಿ ಕೇಳಿದೆ. “ಅಂಜಿದ ಪ್ರಾಣಿ ನಮಗ ಬೆನ್ನ ಕೊಡೂದಿಲ್ಲ ತಂಗಿ. ಅದು ಬೆನ್ನ ತಿರುಗಿಸಿ ಆರಾಮ ಹೊಂಟ್ತು ಅಂದ್ರ ನನ್ನಿಂದ ಏನೂ ತ್ರಾಸ ಇಲ್ಲ ಅಂತ ಅದಕ್ಕ ಖಾತ್ರಿ ಆಗೇದ. ನನಗ ಅದಕ್ಕಿಂತ ಛಲೋ ಫೋಟೋ ಯಾವುದದ?”

ಇಷ್ಟೆಲ್ಲ ತಿರುಗಿದವರು ಗೊರಿಲ್ಲಾ ಮಾತ್ರ ನೋಡಿರಲಿಲ್ಲ. ಬೆಳಗಾವಿಯಲ್ಲಿ ಎಕ್ಸ್‌ರೇ ಕೋರ್ಸು ಕಲಿಯುವಾಗ ಯಾವುದೋ ಪತ್ರಿಕೆಯಲ್ಲಿ ಗೊರಿಲ್ಲಾದ ಕೈಯ ಚಿತ್ರ ನೋಡಿದ್ದರಂತೆ. ಕಪ್ಪು ಬೆರಳು, ಉಗುರು, ಅಂಗೈಯ ಗೆರೆ. “ದಿನಾ ಮಂದಿ ಕೈ ನೋಡ್ತೇನಿ. ಒಮ್ಮೆ ಅದರ ಕೈ ನೋಡಬೇಕು. ಅಷ್ಟ ನೋಡಿದ್ರ ಸಾಕು.” ಅದಕ್ಕೆ ಉಗಾಂಡಾದ ಬೆಟ್ಟ ಹತ್ತಬೇಕು, ಬಹಳ ಮುಂಚೆಯೇ ಪರ್ಮಿಟ್ ಬುಕ್ ಮಾಡಬೇಕು, ದಿನಕ್ಕೆ ಕೆಲವರನ್ನಷ್ಟೇ ಬಿಡುತ್ತಾರೆ, ಬಿಟ್ಟರೂ ಗೊರಿಲ್ಲಾಗಳ ಹತ್ತಿರ ಒಂದು ತಾಸು ಮಾತ್ರ. ಒಂದು ವರ್ಷ ರಜೆ ಸಿಗಲಿಲ್ಲ, ಇನ್ನೊಂದು ವರ್ಷ ಮಂಡಿನೋವು. ನಿವೃತ್ತಿಯಾದ ಮೇಲೆ ಎಂದು ಇಟ್ಟುಕೊಂಡರು. ನಿವೃತ್ತಿಯ ನಂತರ ಪರ್ಮಿಟ್ ಬಂದ ದಿನ ನನಗೆ ಫೋನು ಮಾಡಿ ಬಹಳ ಹೊತ್ತು ಬೇರೆ ಏನೇನೋ ಮಾತಾಡಿ, ಇಡುವ ಮುಂಚೆ, “ಹೊಂಟೇನಿ ನೋಡು” ಎಂದರು. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದು ನಾನು ಕೇಳಿರಲಿಲ್ಲ.

ಹೋದರು. ವಾಪಸು ಬಂದಮೇಲೆ ನಾನೇ ಫೋನು ಮಾಡಿದೆ.

“ಕಂಡ್ವೇನ್ರಿ ಅಕ್ಕಾ?”

“ಇಲ್ಲ. ನೆಗಡಿ ಆಗಿತ್ತು.”

ನನಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದರು. ನಮ್ಮ ನೆಗಡಿ ಕೆಮ್ಮು ಗೊರಿಲ್ಲಾಗಳಿಗೆ ತಾಗುತ್ತದೆ, ನಮಗೆ ಎರಡು ದಿನದ ಸೀನು ಅವಕ್ಕೆ ಪ್ರಾಣಕ್ಕೇ ಬರಬಹುದು. ಅದಕ್ಕೇ ಕಾಡಿಗೆ ಹೊರಡುವ ಮುಂಚೆ ಅಲ್ಲಿನ ರೇಂಜರು ಎಲ್ಲರನ್ನೂ ನಿಲ್ಲಿಸಿ, ಯಾರಿಗಾದರೂ ಮೈ ಸರಿಯಿಲ್ಲವೇ ಎಂದು ಕೇಳುತ್ತಾನೆ. ಆ ಮುಂಜಾನೆ ಅಕ್ಕನಿಗೆ ಗಂಟಲು ಕೆರೆಯುತ್ತಿತ್ತು, ಮೂಗು ಸುರಿಯಲು ಶುರುವಾಗಿತ್ತು. ಯಾರೂ ಗಮನಿಸಿರಲಿಲ್ಲ. ಅಕ್ಕ ತಾವಾಗಿ ಕೈ ಎತ್ತಿದರು. ಉಳಿದವರು ಹೋದರು. ಇವರು ಕಾಡಿನ ಕೆಳಗಿನ ಠಾಣೆಯಲ್ಲಿ, ಮೂಟೆ ಹೊರುವವರು ಕೂರುವ ಬೆಂಚಿನ ಮೇಲೆ ಕೂತರು. ಮರುದಿನಕ್ಕೆ ಪರ್ಮಿಟ್ ಇರಲಿಲ್ಲ. ಇದ್ದರೂ ನೆಗಡಿ ಇಳಿದಿರಲಿಲ್ಲ.

“ಬೆಟ್ಟದ ಮ್ಯಾಲೆ ನೆಗಡಿ ಹೆಂಗ ಹಿಡೀತ್ರಿ?”

ನಾಚಿದ ದನಿಯಲ್ಲಿ ಹೇಳಿದರು. ಹಿಂದಿನ ದಿನ ನಸುಕಿನಲ್ಲೇ ಎದ್ದು ತಲೆಸ್ನಾನ ಮಾಡಿದ್ದರಂತೆ. ಬಿಸಿನೀರು ಬರುವುದು ತಡ ಎಂದರೆಂದು ತಣ್ಣೀರಲ್ಲೇ. ಬಟ್ಟೆಯನ್ನೂ ಒಗೆದು ಹಾಕಿದ್ದರಂತೆ. “ಯಾಕಂತ ನನ್ನ ಕೇಳಬ್ಯಾಡ. ದರ್ಶನಕ್ಕ ಹೊಂಟಂಗ ಅನಿಸ್ತು. ಹಂಗ ಹೆಂಗ ಹೋಗೂದು ಅನಿಸ್ತು.”

ನನ್ನ ಮಡಿ, ನನ್ನ ಏಕಾದಶಿ, ನನ್ನ ಒದ್ದೆ ಕೂದಲಿನ ತುರುಬು, ಎಲ್ಲವನ್ನೂ ಇಷ್ಟು ವರ್ಷ ನಗೆಯಾಡಿದವರು. ನಾನು ನಗಲಿಲ್ಲ. “ತಣ್ಣೀರ ಸ್ನಾನಾ ಮಾಡಿದ್ರ ನೆಗಡಿ ಆಗ್ತದ್ರಿ ಅಕ್ಕಾ, ಸಣ್ಣ ಹುಡುಗ್ರಿಗೂ ಗೊತ್ತದ” ಎಂದೆ.

“ತಣ್ಣೀರಿಂದ ನೆಗಡಿ ಬರೂದಿಲ್ಲ. ವಿಮಾನದಾಗ ಯಾರೋ ಹಚ್ಚಿರ್ತಾರ.”

“ಸ್ನಾನದಿಂದನ ಬಂದದ.”

“ಆಸ್ಪತ್ರಿಯೊಳಗ ಕೆಲಸಾ ಮಾಡಿದಾಕಿ ನಾನೋ ನೀನೋ?”

ನನಗೆ ಈಗಲೂ ಅದು ಸ್ನಾನದಿಂದಲೇ ಎಂದು ನಂಬಿಕೆ.

ಇತ್ತ ಮೆಲ್ಬರ್ನಿನಲ್ಲಿ ಕನ್ನಡ ಸಂಘದವರು ಅಕ್ಕನ ಕಾರ್ಯಕ್ರಮ ಗೊತ್ತುಮಾಡಿಬಿಟ್ಟಿದ್ದರು. ‘ಗೊರಿಲ್ಲಾಗಳೊಂದಿಗೆ ಒಂದು ತಾಸು’ ಎಂದು ಪೋಸ್ಟರು, ಅದರ ಮೇಲೆ ಇಂಟರ್ನೆಟ್ಟಿನಿಂದ ತೆಗೆದ ದೊಡ್ಡ ಗೊರಿಲ್ಲಾ, ಪಕ್ಕದಲ್ಲಿ ಅಕ್ಕನ ಮುಖ. ಮಗಳನ್ನು ಯೂನಿವರ್ಸಿಟಿಗೆ ಸೇರಿಸಲು ಆ ವಾರ ನಾವೂ ಕ್ಲೇಟನ್‌ಗೆ ಹೋಗಿದ್ದೆವು, ಹಾಗಾಗಿ ಕಾರ್ಯಕ್ರಮ ಸಿಕ್ಕಿತು. ಕಾರ್ಯದರ್ಶಿಯವರು ಬಾಗಿಲಲ್ಲೇ ಕಂಗಾಲಾಗಿ ನಿಂತಿದ್ದರು. “ಆಂಟಿ, ಒಂದೆರಡು ಸ್ಟಾಕ್ ಫೋಟೋ ಹಾಕ್ಬಿಡೋಣ್ವಾ? ಮಕ್ಕಳು ಬಂದಿದ್ದಾರೆ, ಡಿಸಪಾಯಿಂಟ್ ಆಗ್ತಾರೆ.” ಅಕ್ಕ ಅವರ ಭುಜ ತಟ್ಟಿ ಒಳಗೆ ಹೋದರು.

ಪರದೆಯ ಮೇಲೆ ಮೊದಲು ಕೆಂಪು ಮಣ್ಣಿನ ರಸ್ತೆ ಬಂತು. ಖಾನಾಪುರ ದಾಟಿದ ಹಾಗೆ ಕಾಣುತ್ತದಲ್ಲವೇ ಎಂದರು. ಬೆಟ್ಟದ ಬದಿಗೆ ಮೆಟ್ಟಿಲು ಮೆಟ್ಟಿಲಾಗಿ ಆಲೂಗಡ್ಡೆಯ ಹೊಲ. ಠಾಣೆಯಲ್ಲಿ ಇವರಿಗೆ ಶುಂಠಿ ಚಹಾ ಮಾಡಿಕೊಟ್ಟ ಹೆಂಗಸು, ಹೆಂಚಿನ ಮೇಲೆ ಅವಳು ಬೇಯಿಸಿದ ಚಪಾತಿ. ಅಲ್ಲಿಯೂ ಅದಕ್ಕೆ ಚಪಾತಿ ಎಂದೇ ಅನ್ನುತ್ತಾರಂತೆ. ಕೊನೆಯದು ಬರೀ ಕಾಡು. ಒಂದರ ಮೇಲೊಂದು ಹಸಿರು, ಅದರೊಳಗಿಂದ ಹೊಗೆಯಂತೆ ಏಳುತ್ತಿರುವ ಮಂಜು. ಮಕ್ಕಳು ಮುಂದಕ್ಕೆ ಬಾಗಿ ಹುಡುಕತೊಡಗಿದರು.

“ಕಾಣೂದಿಲ್ಲ” ಎಂದರು ಅಕ್ಕ. “ಅದರೊಳಗ ಅದಾವ. ಅವತ್ತ ಹತ್ತಿರಾನ ಬಂದಿದ್ವು. ಹೋದಾವ್ರು ಮಧ್ಯಾಹ್ನ ಆಗೂದ್ರಾಗ ತಿರುಗಿ ಬಂದ್ರು. ಭಾಳ ಖುಷಿ ಆಗಿತ್ತು ಅವ್ರಿಗೆ. ನನಗೂ ಕ್ಯಾಮೆರಾದಾಗ ತೋರಸ್ಲಿಕ್ಕೆ ಬಂದ್ರು. ದೂರ ನಿಂದರ್ರಿ, ನೆಗಡಿ ಅದ ಅಂದೆ.”

ಹಿಂದಿನ ಸಾಲಿನಿಂದ ಯುವಕರೊಬ್ಬರು ಎದ್ದು ಕೇಳಿದರು: “ಆಂಟಿ, ಒಂದು ಟ್ಯಾಬ್ಲೆಟ್ ಹಾಕ್ಕೊಂಡು ಸುಮ್ನೆ ಹೋಗ್ಬಿಡಬಹುದಿತ್ತಲ್ವಾ? ಅಷ್ಟು ದೂರ ಹೋಗಿ, ಅಷ್ಟು ವರ್ಷ ಕಾದು. ಯಾರಿಗೆ ಗೊತ್ತಾಗ್ತಿತ್ತು?”

“ಗೊರಿಲ್ಲಾಕ್ಕ ಗೊತ್ತಾಗ್ತಿತ್ತು. ಒಂದು ವಾರ ಬಿಟ್ಟು.”

ಸಭೆ ನಕ್ಕಿತು. ಅಕ್ಕನೂ ನಕ್ಕರು. ಆಮೇಲೆ, “ಅದರ ಮನಿಗೆ ನಾ ಹೊಂಟಿದ್ದೆ. ಅದೇನು ನನ್ನ ಕರದಿರ್ಲಿಲ್ಲ” ಎಂದು ಲ್ಯಾಪ್‌ಟಾಪ್ ಮುಚ್ಚಿದರು. ಕಾರಿನಲ್ಲಿ ನನ್ನ ಪಕ್ಕ ಕೂತಾಗ ಮಾತ್ರ ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದರು. ನಾನು ಅವರ ಕೈಯ ಮೇಲೆ ಕೈ ಇಟ್ಟೆ.

ಮತ್ತೆ ಪರ್ಮಿಟ್ ಬುಕ್ ಮಾಡಬೇಕೆಂದಿದ್ದರು. ಅಷ್ಟರಲ್ಲಿ ರಕ್ತದ ಕಾಯಿಲೆ ಹೊರಬಿತ್ತು. ತಾವು ದುಡಿದ ಆಸ್ಪತ್ರೆಯಲ್ಲೇ ಮಲಗಿದರು. ಮಗಳು ಕ್ಲಾಸು ಮುಗಿಸಿ ನಡೆದೇ ಹೋಗಿ ನೋಡಿಕೊಂಡು ಬರುತ್ತಿದ್ದಳು. ಅವರು ಅವಳಿಗೆ ಕನ್ನಡದಲ್ಲಿ ಬೈಯುವುದು, ಅವಳು ಇಂಗ್ಲಿಷಿನಲ್ಲಿ ವಾದಿಸುವುದು. ಹತ್ತಿರ ಒಬ್ಬಳಾದರೂ ಇದ್ದಾಳಲ್ಲ ಎಂದು ನನಗೆ ಅದೊಂದು ಸಮಾಧಾನ.

ಕಳೆದ ತಿಂಗಳು ಡಾಕ್ಟರು ಇನ್ನು ಹೆಚ್ಚು ದಿನವಿಲ್ಲ ಎಂದರೆಂದು ಮಗಳು ಹೇಳಿದ ಕೂಡಲೇ ಟಿಕೆಟ್ ಮಾಡಿಸಿಕೊಂಡು ಹೋದೆ. ಮಗಳು ಗೆಳತಿಯರ ಜೊತೆ ಹಂಚಿಕೊಂಡಿರುವ ಬಾಡಿಗೆಮನೆಯ ಅಡುಗೆಮನೆಯಲ್ಲಿ ಅಕ್ಕನಿಗೆ ಇಷ್ಟದ ತವ್ವೆ, ಮೆತ್ತಗಿನ ಅನ್ನ ಮಾಡಿ ಡಬ್ಬಿಗೆ ಹಾಕುತ್ತಿದ್ದಾಗ ಸೀನು ಬಂತು. ಒಗ್ಗರಣೆಯ ಘಾಟು ಎಂದುಕೊಂಡೆ. ಆಸ್ಪತ್ರೆಯ ಲಿಫ್ಟಿನಲ್ಲಿ ಮತ್ತೆ ಬಂತು. ಗಂಟಲು ಮುಟ್ಟಿ ನೋಡಿಕೊಂಡೆ. ನುಂಗಿದರೆ ನೋಯುತ್ತಿತ್ತು.

ಅಕ್ಕನ ಮೈಯಲ್ಲಿ ಸಣ್ಣ ಸೋಂಕನ್ನೂ ತಡೆಯುವ ಬಲ ಉಳಿದಿರಲಿಲ್ಲ, ಅದನ್ನು ಮಗಳು ಮೊದಲೇ ಹೇಳಿದ್ದಳು. ವಾರ್ಡಿನ ಬಾಗಿಲಲ್ಲಿ ನರ್ಸು ಕೇಳಿದಳು, ನೆಗಡಿ ಕೆಮ್ಮು ಏನಾದರೂ ಇದೆಯೇ ಎಂದು. ಮಗಳು ನನ್ನ ಮುಖ ನೋಡಿದಳು. ಇವತ್ತು ಬಿಟ್ಟರೆ ಮತ್ತೆ ನೋಡುವೆನೋ ಇಲ್ಲವೋ. ಒಂದು ಸುಳ್ಳು, ಅದೂ ಪ್ರೀತಿಯ ಸುಳ್ಳು, ದೇವರು ಕ್ಷಮಿಸುತ್ತಿದ್ದ. ಇದೆ ಎಂದೆ.

ಆ ಕೋಣೆಯ ಬಾಗಿಲಿಗೆ ಗಾಜು ಇತ್ತು. ಅದಕ್ಕೂ ದೇವರಿಗೆ ಕೈ ಮುಗಿದೆ. ನರ್ಸು ಹೊರಗೆ ಒಂದು ಕುರ್ಚಿ ಹಾಕಿಕೊಟ್ಟಳು. ಅಕ್ಕ ಒಳಗೆ ದಿಂಬಿಗೆ ಒರಗಿದ್ದರು, ಅರ್ಧಕ್ಕರ್ಧ ಸಣ್ಣಗಾಗಿದ್ದರು. ಫೋನು ಎತ್ತಿದರು. ನನ್ನದು ಕೈಯಲ್ಲೇ ರಿಂಗಾಯಿತು.

“ಯಾಕ, ಒಳಗ ಬರೂದಿಲ್ಲೇನು?”

“ನೆಗಡಿ ಆಗೇದ್ರಿ ಅಕ್ಕಾ.”

ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ನಕ್ಕರು, ಕೆಮ್ಮು ಬರುವ ತನಕ. “ತಣ್ಣೀರ ಸ್ನಾನಾ ಮಾಡಿದ್ದೇನು?”

“ಇಲ್ರಿ. ವಿಮಾನದಾಗ ಯಾರೋ ಹಚ್ಚಿರಬೇಕು.”

“ಹಾಂ. ಈಗ ದಾರಿಗೆ ಬಂದಿ.”

ಡಬ್ಬಿಯಲ್ಲಿ ಏನು ತಂದಿದ್ದೀ ಎಂದು ಕೇಳಿದರು. ಹೊರಗಿನ ಊಟ ಅವರಿಗೆ ಕೊಡುವ ಹಾಗಿರಲಿಲ್ಲ. ಮುಚ್ಚಳ ತೆಗೆದು ತೋರಿಸು ಎಂದರು. ತೋರಿಸಿದೆ. ತವ್ವೆಗೆ ಇಂಗು ಹಾಕಿದ್ದೀಯೋ ಇಲ್ಲವೋ, ಅತ್ತೆಯವರ ಮಂಡಿ ಹೇಗಿದೆ, ಮಾರ್ಟ್‌ಗೇಜ್ ಎಷ್ಟು ವರ್ಷ ಉಳಿಯಿತು, ಎಲ್ಲ ಕೇಳಿದರು. ಆಮೇಲೆ ಮಾತು ಸಾಕಾಯಿತು. ಫೋನು ಕಿವಿಗೆ ಇಟ್ಟುಕೊಂಡೇ ಸುಮ್ಮನೆ ಕೂತೆವು. ಒಂದು ಫೋಟೋ ತೆಗೆಯಲೇ ಎಂದು ನಾನು ಕೇಳಿದೆ.

“ಬ್ಯಾಡ. ನೋಡ್ಲಿಕತ್ತೇನಲ್ಲ” ಎಂದರು.

ಭೇಟಿಯ ಹೊತ್ತು ಮುಗಿಯುವ ತನಕ ಹಾಗೇ ಕೂತಿದ್ದು ಬಂದೆ. ಅದೇ ಕಡೆಯದಾಯಿತು. ಸಿಡ್ನಿಗೆ ಮರಳಿದ ಮೇಲೆ ದಿನವೂ ದೇವರ ಮುಂದೆ ಕೂತಾಗ ಒಂದೇ ಯೋಚನೆ. ಮಾಸ್ಕ್ ಹಾಕಿಕೊಂಡು ಒಂದು ನಿಮಿಷ ಒಳಗೆ ಹೋಗಿ ಪಾದ ಮುಟ್ಟಿ ಬರಬಹುದಿತ್ತೇನೋ. ಹತ್ತಿರದವರು ಯಾರೂ ಇಲ್ಲದ ಜೀವ. ಬಾಗಿಲ ತನಕ ಬಂದು ಒಳಗೆ ಬಾರದೆ ಹೋದಳು ಎಂದು ಒಳಗೊಳಗೆ ನೊಂದುಕೊಂಡರೇನೋ. ಯಜಮಾನರು, “ನೀ ಮಾಡಿದ್ದು ಸರಿ ಅದ” ಎನ್ನುತ್ತಿದ್ದರು. ಸರಿಯೆಂದು ನನಗೂ ಗೊತ್ತಿತ್ತು. ಗೊತ್ತಿದ್ದರೂ ಸಂಕಟ ಹೋಗುತ್ತಿರಲಿಲ್ಲ.

ಇವತ್ತು ಫೋನಿನಲ್ಲಿ ಮಗಳು ಅತ್ತು ಮುಗಿಸಿ ಮೂಗು ಒರೆಸಿಕೊಂಡು ಹೇಳಿದಳು: “ಅಮ್ಮಾ, ನರ್ಸ್ ಒಂದು ಕೇಳಿದ್ಲು. ಸಿಡ್ನೀಲಿರೋ ಸಿಸ್ಟರ್‌ಗೆ ತಿಳಿಸಿದ್ರಾ ಅಂತ. ಆಂಟಿಗೆ ಸಿಸ್ಟರ್ ಇಲ್ಲ ಅಂದೆ. ಇಲ್ಲ, ಇದಾರೆ, ಅವತ್ತು ಗ್ಲಾಸ್ ಹೊರಗೆ ಕೂತಿದ್ರಲ್ಲ, ಅವರು ಅಂದ್ಲು. ಆಂಟಿನೇ ಎಲ್ಲಾ ನರ್ಸ್‌ಗಳಿಗೂ ಹೇಳಿದ್ರಂತೆ, ದಟ್ಸ್ ಮೈ ಸಿಸ್ಟರ್, ಒಳಗೆ ಬರದೆ ನನ್ನ ನೋಡ್ಕೊಂಡ್ಲು ಅಂತ.”

“ಹಂಗಂದ್ರಂತೇನು?”

“ಹ್ಞೂಂ. ಶಿ ವಾಸ್ ಬೋಸ್ಟಿಂಗ್, ಅಮ್ಮಾ.”

ಫೋನು ಇಟ್ಟಮೇಲೆ ಅತ್ತೆಯವರಿಗೆ ಹೇಳಿದೆ. ಅವರು ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟು ಕೈ ಮುಗಿದರು. “ಒಳ್ಳೇ ಜೀವ” ಎಂದರು. ದೇವರ ಮುಂದೆ ತುಪ್ಪದ ದೀಪ ಹಚ್ಚಿಟ್ಟು ಬಂದೆ. ಅಷ್ಟರಲ್ಲಿ ಲಾಂಡ್ರಿಯಲ್ಲಿ ಮಷಿನ್ನು ಮುಗಿಯಿತೆಂದು ಕೂಗಿತು. ಹೊರಗೆ ಬಿಸಿಲು ಚೆನ್ನಾಗಿತ್ತು, ಗಾಳಿಯೂ ಇತ್ತು. ಬುಟ್ಟಿ ಎತ್ತಿಕೊಂಡು ಹಿತ್ತಲಿಗೆ ಹೋಗಿ, ಅತ್ತೆಯವರ ಸೀರೆ ಕೊಡವಿ ತಂತಿಗೆ ಹರವಿದೆ.